ಒಬ್ಬರೇ ನಡೆಸುವ ವಕೀಲರ ಕಚೇರಿ

ಮಂಗಳೂರು, ಉಡುಪಿ, ಪುತ್ತೂರು, ಕುಂದಾಪುರಗಳಂತಹ ಊರುಗಳಲ್ಲಿ ನ್ಯಾಯಾಲಯದ ಆಸುಪಾಸಿನ ಹಳೆಯ ಕಟ್ಟಡಗಳ ಮೆಟ್ಟಲು ಹತ್ತಿದವರಿಗೆ ಆ ಕೋಣೆ ಅಪರಿಚಿತವಲ್ಲ. ಒಂದು ಮೇಜು, ಕಕ್ಷಿಗಾರರಿಗೊಂದು ಬೆಂಚು, ಕಡತಗಳಿಂದ ಕಿಕ್ಕಿರಿದ ಕಪಾಟು, ಮೂಲೆಯಲ್ಲಿ ಗುಮಾಸ್ತರು. ವಕೀಲರು ಒಬ್ಬರೇ, ಹೆಚ್ಚೆಂದರೆ ಜೊತೆಗೊಬ್ಬ ಕಿರಿಯರು. ನಮ್ಮ ಜನರ ಪಾಲುಪಟ್ಟಿ, ಮರಣಶಾಸನ, ಗಡಿ ತಕರಾರು, ಅಪಘಾತ ಪರಿಹಾರ, ಬ್ಯಾಂಕಿನಿಂದ ಹಿಂದಿರುಗಿದ ಚೆಕ್ಕಿನ ವ್ಯಾಜ್ಯ ಮುಂತಾದವು ಇತ್ಯರ್ಥಗೊಂಡಿರುವುದು ಬಹುಮಟ್ಟಿಗೆ ಇಂತಹ ಕೋಣೆಗಳಿಂದಲೇ.

ನಮ್ಮ ಸಮುದಾಯಕ್ಕೆ ಈ ಕಚೇರಿಗಳ ಋಣ ತುಸು ಹೆಚ್ಚೇ ಇದೆ. ಕ್ರೈಸ್ತರ ಉತ್ತರಾಧಿಕಾರಕ್ಕೆ ಅನ್ವಯವಾಗುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಮರಣಶಾಸನ ಬರೆಯದೆ ತೀರಿಕೊಂಡವರಿಗೆ ಮಕ್ಕಳಿದ್ದರೆ ವಿಧವೆಗೆ ಮೂರನೆಯ ಒಂದು ಭಾಗ, ಉಳಿದುದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ನಿಯಮ ಎರಡೇ ಸಾಲಿನದು. ಆದರೆ ಮೂವರು ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿದ್ದು, ಒಬ್ಬಳು ಮನೆಯಲ್ಲಿಯೇ ಉಳಿದು ತಾಯಿಯ ಆರೈಕೆ ಮಾಡಿದ್ದಲ್ಲಿ, ಆ ಎರಡು ಸಾಲನ್ನು ಕುಟುಂಬವೊಂದು ಒಪ್ಪಿಕೊಳ್ಳುವಂತೆ ಮಾಡಲು ಹತ್ತು ಸಂಜೆಗಳಾದರೂ ಬೇಕು. ಆ ಸಂಜೆಗಳಿಗೆ ಯಾವ ಶುಲ್ಕದ ಪಟ್ಟಿಯಲ್ಲಿಯೂ ಸ್ಥಾನವಿಲ್ಲ. ಮನೆಯ ಹಿರಿಯರನ್ನೂ ಅವರ ಹಳೆಯ ಮುನಿಸುಗಳನ್ನೂ ಬಲ್ಲ ವಕೀಲರು ಮಾತ್ರ ಅಲ್ಲಿ ಕುಳಿತು ಮಾತನಾಡಬಲ್ಲರು.

ಕೋಣೆಯ ಹೊರಗಿನ ವೃತ್ತಿಯಾದರೋ ಕಳೆದ ಮೂರು ದಶಕಗಳಲ್ಲಿ ಗುರುತು ಸಿಗದಷ್ಟು ಬದಲಾಗಿದೆ. ಬೆರಳಚ್ಚು ಯಂತ್ರದ ಸದ್ದು ನಿಂತಿದೆ. ಇ-ಕೋರ್ಟ್ ಯೋಜನೆಯ ಬಳಿಕ ಪ್ರತಿಯೊಂದು ಪ್ರಕರಣಕ್ಕೂ 16 ಸ್ಥಾನಗಳ ಸಿ.ಎನ್.ಆರ್. ಸಂಖ್ಯೆಯಿದ್ದು, ದುಬಾಯಿಯಲ್ಲಿರುವ ಕಕ್ಷಿಗಾರರೂ ಮುಂದಿನ ವಾಯಿದೆಯನ್ನು ಮೊಬೈಲಿನಲ್ಲಿಯೇ ನೋಡಿಕೊಳ್ಳುತ್ತಾರೆ. ಕೆಲವೊಮ್ಮೆ ವಕೀಲರಿಗಿಂತ ಮೊದಲೇ! 2020ರ ಮಹಾಮಾರಿಯ ನಂತರ ಉಚ್ಚ ನ್ಯಾಯಾಲಯದ ಕಲಾಪದಲ್ಲಿ ವಿಡಿಯೊ ಮೂಲಕ ಭಾಗವಹಿಸುವುದು ಸಾಧ್ಯವಾದುದರಿಂದ, ಘಟ್ಟ ಹತ್ತಿ ಬೆಂಗಳೂರಿಗೆ ಹೋಗಿಬರುವ ಶ್ರಮವೂ ಎಷ್ಟೋ ತಗ್ಗಿದೆ. ಕೆಲಸವೊಂದು ಕೈತಪ್ಪಿದ್ದೂ ಉಂಟು. ಭಾರತೀಯ ಕ್ರೈಸ್ತರ ಮರಣಶಾಸನಗಳಿಗೆ ಕಡ್ಡಾಯವಾಗಿದ್ದ ಪ್ರೊಬೇಟನ್ನು 2002ರ ತಿದ್ದುಪಡಿ ತೆಗೆದುಹಾಕಿತು. ಸಣ್ಣ ಕಚೇರಿಗೆ ಅದು ನಷ್ಟವಿರಬಹುದು; ಕುಟುಂಬಗಳಿಗೆ ಲಾಭವೇ ಆಯಿತೆಂದು ನಮ್ಮ ಅಭಿಪ್ರಾಯ.

ಇನ್ನೊಂದೆಡೆ ಹೊರೆಯೂ ಏರಿದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿತು. 511 ಕಲಮುಗಳಿದ್ದಲ್ಲಿ 358 ಆದವು. ಕೊಲೆಯ 302ನೆಯ ಕಲಮು ಈಗ 103. ಮೋಸಗಾರನಿಗೆ ಅಡ್ಡಹೆಸರೇ ಆಗಿದ್ದ 420 ಈಗ 318ರೊಳಗೆ ಅಡಗಿದೆ. ಆದರೆ ಆ ದಿನಾಂಕಕ್ಕೆ ಹಿಂದಿನ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ ಎರಡೂ ಪುಸ್ತಕಗಳು ಇನ್ನೂ ಹಲವು ವರ್ಷ ಮೇಜಿನ ಮೇಲಿರಬೇಕು. ದೊಡ್ಡ ಸಂಸ್ಥೆಗಳಲ್ಲಿ ಇವನ್ನೆಲ್ಲ ಓದಿ ಟಿಪ್ಪಣಿ ಸಿದ್ಧಪಡಿಸಲು ಬೇರೆಯೇ ಜನರಿರುತ್ತಾರೆ. ಇಲ್ಲಿ ಹಗಲು ವಾದಿಸಿದವರೇ ರಾತ್ರಿ ಓದಬೇಕು.

ಇದಕ್ಕಿಂತ ದೊಡ್ಡ ಭಾರವೆಂದರೆ ಡೈರಿ. ಚೆಕ್ಕು ಹಿಂದಿರುಗಿದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟೀಸು, ಅದು ಎದುರು ಪಕ್ಷದವರಿಗೆ ತಲಪಿದ ಬಳಿಕ ಹಣಕ್ಕಾಗಿ 15 ದಿನಗಳ ಕಾಯುವಿಕೆ, ಆ ಬಳಿಕ ಒಂದು ತಿಂಗಳೊಳಗೆ ದೂರು. ಸಿವಿಲ್ ದಾವೆಯಲ್ಲಿ ಪ್ರತಿವಾದಿಯ ಉತ್ತರಕ್ಕೆ 30 ದಿನ, ವಿಸ್ತರಿಸಿದರೆ 90. ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿಗೆ 30 ದಿನ, ಉಚ್ಚ ನ್ಯಾಯಾಲಯಕ್ಕೆ 90. ಒಬ್ಬರೇ ಇರುವ ಕಚೇರಿಯಲ್ಲಿ ವಕೀಲರು ಮೂರು ವಾರ ಆಸ್ಪತ್ರೆ ಸೇರಿದರೂ ಈ ದಿನಗಳು ಓಡುತ್ತಲೇ ಇರುತ್ತವೆ. ಗುಮಾಸ್ತರು ನುರಿತವರಾಗಿದ್ದರೆ ಮತ್ತು ನೆರೆಯ ಕಚೇರಿಯ ವಕೀಲರು ಮಿತ್ರರಾಗಿದ್ದರೆ ಪಾರಾಗಬಹುದು. ಈ ಸ್ನೇಹವನ್ನು ಮೊದಲೇ ಬರಹಕ್ಕಿಳಿಸಿ, ಪರಸ್ಪರ ವಾಯಿದೆಗಳ ಪಟ್ಟಿಯನ್ನು ಹಂಚಿಕೊಳ್ಳುವ ಏರ್ಪಾಟು ಇರಬೇಕೆಂದು ನಮಗೆ ತೋರುತ್ತದೆ. ಯಾವುದೇ ಯಂತ್ರ ಖರೀದಿಗಿಂತ ಇದು ಮುಖ್ಯ.

ಹಾಗಾದರೆ ಕಿರಿಯರೆಲ್ಲಿ? 1987ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಸ್ಥಾಪನೆಯಾದಂದಿನಿಂದ ಪ್ರತಿಭಾವಂತ ಮಕ್ಕಳ ಕಣ್ಣು ಕಂಪೆನಿಗಳತ್ತ, ಮಹಾನಗರದ ಸಂಸ್ಥೆಗಳತ್ತ ಹೊರಳಿದೆ. ಅವರನ್ನು ದೂರುವಂತಿಲ್ಲ. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿತು. ಅದು ಶಿಫಾರಸು ಮಾತ್ರ. ಗುಮಾಸ್ತರ ಸಂಬಳ, ಬಾಡಿಗೆ ಕಳೆದು ಉಳಿಯುವುದರಲ್ಲಿ ಅಷ್ಟನ್ನು ಕೊಡಲು ಸಣ್ಣ ಕಚೇರಿಗೆ ಸುಲಭವಲ್ಲ. ಏನನ್ನೂ ಕೊಡದೆ ವರ್ಷಗಟ್ಟಲೆ ಕಡತ ಹೊರಿಸುವುದೂ ನ್ಯಾಯವಲ್ಲ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವ ಬೇಕೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಮರಳಿ ತಂದುದರಿಂದ, ನ್ಯಾಯಾಧೀಶರಾಗಬಯಸುವ ತರುಣ ತರುಣಿಯರು ಮತ್ತೆ ಈ ಮೆಟ್ಟಲು ಹತ್ತಬೇಕಾಗಿದೆ. ಮೂರು ವರ್ಷಗಳ ಬಳಿಕ ಅವರಲ್ಲಿ ಎಷ್ಟು ಮಂದಿ ಉಳಿಯುವರೋ ನೋಡಬೇಕು.

ಉಳಿಯುವವರಿಲ್ಲದಿದ್ದರೆ ಆ ಕಪಾಟಿನ ಗತಿಯೇನೆಂಬುದು ಕಕ್ಷಿಗಾರರ ಚಿಂತೆಯೂ ಆಗಬೇಕು. ವಕೀಲರು ತೀರಿಕೊಂಡೊಡನೆ ಅವರಿಗೆ ಕೊಟ್ಟ ವಕಾಲತ್ತು ಮುಗಿಯುತ್ತದೆ. ಬೇರೊಬ್ಬರಿಗೆ ಹೊಸದಾಗಿ ಸಹಿ ಮಾಡಿಕೊಡಬೇಕು. ಕಡತಗಳು ಕಕ್ಷಿಗಾರರವು. ಶುಲ್ಕ ಬಾಕಿಯಿದೆಯೆಂದು ಅವನ್ನು ತಡೆಹಿಡಿಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿಯೇ ಹೇಳಿದೆ. ಆದರೆ ದುಃಖದಲ್ಲಿರುವ ಮನೆಯವರಿಗೆ ಯಾವ ಕಟ್ಟು ಯಾರದೆಂದು ತಿಳಿಯುವುದಾದರೂ ಹೇಗೆ? ಅಲ್ಲಿ ಮೂಲ ಹಕ್ಕುಪತ್ರಗಳೂ, ನಂಬಿ ಇಟ್ಟುಹೋದ ಮರಣಶಾಸನಗಳೂ ಇರುತ್ತವೆ. ವರ್ಷಕ್ಕೊಮ್ಮೆ ಅವುಗಳ ಪಟ್ಟಿ ಮಾಡಿ ಕಕ್ಷಿಗಾರರಿಗೊಂದು ಪ್ರತಿ ಕೊಡುವ ವಕೀಲರೂ ಇದ್ದಾರೆ. ಕೇಳಿ ಪಡೆದರೆ ತಪ್ಪೇನೂ ಇಲ್ಲ. ಸಿ.ಎನ್.ಆರ್. ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಹಿಂದೆಯಾದರೂ ಬರೆದಿಟ್ಟುಕೊಳ್ಳಿರಿ. ಮರಣಶಾಸನವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿಯಿಡಲು 1908ರ ನೋಂದಣಿ ಕಾಯಿದೆಯ 42ನೆಯ ಕಲಮಿನಲ್ಲಿ ಅವಕಾಶವಿದೆ.