ನ್ಯಾಯ ಹೇಳುವವರು ಹಿಂದೆ ಸರಿಯುವುದು ಯಾವಾಗ?

ಪಿರಿಯಾಪಟ್ಟಣದ ಕಡೆ ಒಂದು ಊರು ಅಂದುಕೊಳ್ಳಿ. ಅಕ್ಕಪಕ್ಕದ ಹೊಲದವರಿಗೆ ಬದುವಿನ ತಕರಾರು. ಅರಳಿಕಟ್ಟೆಯಲ್ಲಿ ಜನ ಸೇರಿದ್ದಾರೆ. ನ್ಯಾಯ ಹೇಳಲು ಕೂತ ಯಜಮಾನರು ಒಬ್ಬನಿಗೆ ಸೋದರಮಾವ.

ಯಜಮಾನರು ಒಳ್ಳೆಯವರೇ. ಸರಿಯಾದ ಮಾತನ್ನೇ ಹೇಳಬಹುದು. ಆದರೆ ಸೋತವನು ಏನಂತಾನೆ? ‘ಮಾವ ಅಳಿಯನ ಕಡೆ ಹೇಳಿದ’ ಅಂತಾನೆ. ತೀರ್ಪು ಆಯಿತು. ಜಗಳ ಮುಗಿಯಲಿಲ್ಲ.

ಕೋರ್ಟಿನಲ್ಲೂ ಹೀಗೆಯೇ. ಒಂದು ಕಡೆಗೆ ವಾಲುವುದಕ್ಕೆ ಪಕ್ಷಪಾತ ಎನ್ನುತ್ತೇವೆ. ನ್ಯಾಯಾಧೀಶರು ವಾಲದೇ ಇದ್ದರೆ ಸಾಲದು. ವಾಲುತ್ತಾರೆ ಎಂಬ ಅನುಮಾನಕ್ಕೂ ಜಾಗ ಇರಬಾರದು. ನ್ಯಾಯ ಆಗಬೇಕು. ಆದದ್ದು ಜನರಿಗೆ ಕಾಣಲೂ ಬೇಕು.

ಒಬ್ಬ ಸೈನಿಕನ ಕತೆ ಕೇಳಿ. ಅವನು ತನ್ನ ಅಧಿಕಾರಿಯ ಮೇಲೆ ದೂರು ಬರೆದ. ಆಮೇಲೆ ‘ಊಟ ಮಾಡು ಎಂದರೆ ಮಾಡಲಿಲ್ಲ’ ಎಂಬ ಆರೋಪ ಅವನ ಮೇಲೆ ಬಂತು. ವಿಚಾರಣೆಗೆ ಕೂತವರಲ್ಲಿ ಅದೇ ಅಧಿಕಾರಿಯೂ ಇದ್ದರು! ಸೈನಿಕನಿಗೆ ಕೆಲಸ ಹೋಯಿತು. ಒಂದು ವರ್ಷ ಜೈಲು ಶಿಕ್ಷೆಯೂ ಆಯಿತು. 1987ರಲ್ಲಿ ಸುಪ್ರೀಂ ಕೋರ್ಟು ಈ ಶಿಕ್ಷೆಯನ್ನು ರದ್ದು ಮಾಡಿತು. ‘ನನ್ನ ಮನಸ್ಸು ಶುದ್ಧ’ ಎಂದು ನ್ಯಾಯಾಧೀಶರು ಅಂದುಕೊಂಡರೆ ಸಾಲದು, ಎದುರಿಗೆ ನಿಂತವನ ಮನಸ್ಸಿಗೆ ಏನನ್ನಿಸುತ್ತದೆ ಎಂದು ನೋಡಬೇಕು ಎಂಬುದು ಆ ತೀರ್ಪಿನ ಸಾರ.

ನಮ್ಮ ರಾಜ್ಯದ ನೀರಿನ ವಿಷಯದಲ್ಲೂ ಇಂಥದ್ದು ನಡೆದಿದೆ. ಕೃಷ್ಣಾ ನದಿ ನೀರಿನ ವ್ಯಾಜ್ಯದಲ್ಲಿ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ ಸೇರಿವೆ. 2022ರ ಜನವರಿಯಲ್ಲಿ ಅದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಮುಂದೆ ಬಂತು. ಡಿ.ವೈ. ಚಂದ್ರಚೂಡ್ ಮಹಾರಾಷ್ಟ್ರದವರು. ಎ.ಎಸ್. ಬೋಪಣ್ಣ ಕರ್ನಾಟಕದವರು. ಇಬ್ಬರೂ ಆ ಕೇಸಿನಿಂದ ಹಿಂದೆ ಸರಿದರು. ಅವರು ತಪ್ಪು ಮಾಡಿದ್ದರು ಎಂದಲ್ಲ. ನಾಳೆ ಯಾರೂ ಬೆರಳು ತೋರಿಸಬಾರದು ಎಂದು.

ಹಾಗಾದರೆ ಯಾವಾಗ ಹಿಂದೆ ಸರಿಯಬೇಕು?

ಕೇಸಿನಲ್ಲಿ ನ್ಯಾಯಾಧೀಶರ ಸ್ವಂತ ಹಣವೋ ಆಸ್ತಿಯೋ ಇದ್ದಾಗ.
ಅವರ ಹತ್ತಿರದ ನೆಂಟರು ಕಕ್ಷಿದಾರರಾಗಿದ್ದಾಗ.
ಹಿಂದೆ ಅವರೇ ವಕೀಲರಾಗಿ ಆ ಕೇಸನ್ನು ನಡೆಸಿದ್ದಾಗ.

ಆದರೆ ಒಂದು ಎಚ್ಚರ. ‘ಇವರು ಕಟ್ಟುನಿಟ್ಟು, ಬೇರೆಯವರು ಬೇಕು’ ಎಂದು ಕೇಳುವ ಹಾಗಿಲ್ಲ. ಹಿಂದಿನ ಆದೇಶ ನಮಗೆ ವಿರುದ್ಧ ಬಂತು ಎಂಬುದೂ ಕಾರಣ ಆಗದು. ಅದಕ್ಕೆ ಮೇಲಿನ ಕೋರ್ಟಿಗೆ ಅಪೀಲು ಇದೆ. ಬೇಕಾದ ನ್ಯಾಯಾಧೀಶರನ್ನು ಆರಿಸಿಕೊಳ್ಳಲು ಇದು ಸಂತೆಯಲ್ಲ.

ನಿಜವಾದ ಕಾರಣ ಇದ್ದರೆ ಸುಮ್ಮನಿರಬಾರದು. ಗೊತ್ತಾದ ಕೂಡಲೇ ವಕೀಲರಿಗೆ ತಿಳಿಸಬೇಕು. ಸೋತ ಮೇಲೆ ಹೇಳಿದರೆ ಯಾರು ನಂಬುತ್ತಾರೆ? ಸರಿಯಬೇಕೋ ಬೇಡವೋ ಎಂದು ಮೊದಲು ಯೋಚಿಸುವವರು ಆ ನ್ಯಾಯಾಧೀಶರೇ. ಅವರು ಒಪ್ಪದಿದ್ದರೆ ದಾರಿ ಮುಚ್ಚಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ತಾಲ್ಲೂಕು ಕೋರ್ಟಿನ ಕೇಸನ್ನು ಬೇರೆ ಕೋರ್ಟಿಗೆ ವರ್ಗ ಮಾಡಿ ಎಂದು ಮೈಸೂರಿನ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಕಾರಣ ಸ್ಪಷ್ಟವಾಗಿರಬೇಕು. ಬರೀ ಗಾಳಿಮಾತು ನಿಲ್ಲುವುದಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ವರಮಾನದವರಿಗೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಹಾಡಿಯ ಜನರಿಗೂ ಈ ಹಕ್ಕಿದೆ.

ಅರ್ಜಿಗೆ ರುಜು ಹಾಕುವ ಮುಂಚೆ ಓದಿ ನೋಡೋಣ. ನಾವು ಹೇಳಿದ್ದೇ ಅದರಲ್ಲಿ ಇದೆಯೇ? ಈಗ ಓದಲು ಬರುತ್ತದೆ. ನಾವೇ ಓದಿ ತಿಳಿಯೋಣ.