ಪುಲ ನಗು ಸಿಕ್ಕಿತು. ನಮ್ಮವರ ನಗು ಯಾರ ಅಟ್ಟದಲ್ಲಿದೆ?

ಶಿರೂರು: ಮರಾಠಿಗರು ಪ್ರೀತಿಯಿಂದ 'ಪುಲ' ಎಂದು ಕರೆಯುವ ಪು. ಲ. ದೇಶಪಾಂಡೆ ಅವರ ಜನ್ಮಶತಾಬ್ದಿಯ ಆಸುಪಾಸಿನಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ ಒಂದು ಸಿಹಿಸುದ್ದಿ ಹೊರಬಿದ್ದಿತ್ತು. ಪುಲ ಅವರು ಕಾಣಿಸಿಕೊಂಡಿರುವ, ಬಹುಕಾಲ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಅಪರೂಪದ ಚಿತ್ರತುಣುಕುಗಳು ದೊರಕಿವೆ ಎಂಬುದೇ ಆ ಸುದ್ದಿ. ಮರಾಠಿ ಮನೆಗಳಲ್ಲಿ ಅದು ಸಂಭ್ರಮದ ಮಾತಾಯಿತು. ನಮ್ಮ ಕನ್ನಡ ಸಂಘಗಳಲ್ಲಿಯೂ ಆಗಬೇಕಿತ್ತು. ಪುಲ ನಮಗೆ ತೀರಾ ಹೊರಗಿನವರೇನಲ್ಲ. ಅಲ್ಲದೆ, ಕಳೆದುಹೋದ ನಗುವನ್ನು ಹುಡುಕಿ ತೆಗೆಯುವ ಕೆಲಸದಲ್ಲಿ ನಮ್ಮ ಪಾಲಿನದು ಇನ್ನೂ ಶುರುವೇ ಆಗಿಲ್ಲ.

ಶಿರೂರು ಎಂದೊಡನೆ ಊರ ಕಡೆಯವರು 'ಬೈಂದೂರಿನ ಹತ್ತಿರದ ಶಿರೂರೋ, ಅಂಕೋಲದ ಶಿರೂರೋ' ಎಂದು ಕೇಳುವುದುಂಟು. ಇದು ಘೋಡ್ ನದಿಯ ದಂಡೆಯ ಶಿರೂರು, ಪುಣೆ ಜಿಲ್ಲೆಯ ತಾಲೂಕು ಕೇಂದ್ರ. ಹೆದ್ದಾರಿಯ ಹೋಟೆಲುಗಳಿಗೆಂದು ಕರಾವಳಿಯವರೂ, ರಾಂಜಣಗಾಂವ್ ಕೈಗಾರಿಕಾ ವಲಯಕ್ಕೆಂದು ಉತ್ತರ ಕರ್ನಾಟಕದವರೂ ಬಂದು ನೆಲೆಸಿದ ಊರು. ಕೇಬಲ್ ಬರುವುದಕ್ಕೆ ಮುಂಚೆ ಈ ಭಾಗದಲ್ಲಿ ಟಿವಿ ಎಂದರೆ ಮುಂಬಯಿ ದೂರದರ್ಶನ. ಸಂಜೆಯ ಕಾರ್ಯಕ್ರಮ ಮರಾಠಿಯಲ್ಲಿ. ಹೀಗಾಗಿ ನಮ್ಮ ಎಷ್ಟೋ ಹಿರಿಯರು ಮರಾಠಿ ಕಲಿತದ್ದು ಅಂಗಡಿಯಲ್ಲಿ ಅರ್ಧ, ಟಿವಿಯ ಮುಂದೆ ಅರ್ಧ. ಆ ಪೆಟ್ಟಿಗೆಯೊಳಗಿನ ನಗೆಯ ದೊಡ್ಡ ಹೆಸರು ಪುಲ ಅವರದು.

1919ರ ನವೆಂಬರ್ 8ರಂದು ಮುಂಬಯಿಯಲ್ಲಿ ಹುಟ್ಟಿ, 2000ದ ಜೂನ್ 12ರಂದು ಪುಣೆಯಲ್ಲಿ ತೀರಿಕೊಂಡ ಪುಲ ಅವರ ಬದುಕಿನ ಒಂದು ಎಳೆ ಕರ್ನಾಟಕದಲ್ಲಿದೆ. ಆಕಾಶವಾಣಿ ಸೇರುವ ಮುನ್ನ ಅವರು ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದವರು. ಆ ಬೆಳಗಾವಿಯೇ ಅವರಿಗೆ 'ರಾವ್‌ಸಾಹೇಬ'ರನ್ನು ಕೊಟ್ಟಿತು. ಕನ್ನಡದ ಧಾಟಿಯಲ್ಲಿ ಮರಾಠಿ ಆಡುವ, ಗಟ್ಟಿ ದನಿಯ, ಮಗುವಿನ ಮನಸ್ಸಿನ ಆ ಮನುಷ್ಯನ ವ್ಯಕ್ತಿಚಿತ್ರವನ್ನು ಪುಲ ಬಾಯಿಂದಲೇ ಕೇಳಿದ ಮರಾಠಿಗರು ಇಂದಿಗೂ ನೆನೆದು ನಗುತ್ತಾರೆ, ಕೊನೆಗೆ ಕಣ್ಣೊರೆಸಿಕೊಳ್ಳುತ್ತಾರೆ. ಮರಾಠಿಯಲ್ಲಿ ಮೇಜಿಗೂ ಕುರ್ಚಿಗೂ ಲಿಂಗ ಹುಡುಕಿ ಸೋತ ಕನ್ನಡಿಗರೆಲ್ಲರಿಗೂ ರಾವ್‌ಸಾಹೇಬರು ಹತ್ತಿರದ ನೆಂಟರೇ ಸರಿ. ಅಲ್ಲಿ ನಗೆಯಿದೆ, ಅವಹೇಳನವಿಲ್ಲ. ಗಡಿಯ ವಿಚಾರ ಬಂದಾಗಲೆಲ್ಲ ಬಿಸಿಯಾಗುವ ನಮ್ಮ ಎರಡು ಭಾಷೆಗಳ ನಡುವೆ ಇಷ್ಟು ತಣ್ಣಗಿನ ಮಾತು ಬೇರೆ ಯಾರು ಆಡಿದ್ದಾರೆ?

ರಾವ್‌ಸಾಹೇಬರ ಆ ಬರಹವನ್ನು ಪುಸ್ತಕದಲ್ಲಿ ಓದಬಹುದು. ಆದರೆ ಓದಿದರೆ ಸಿಗುವುದು ಅರ್ಧ ಮಾತ್ರ. ಮಾತಿನ ಮಧ್ಯೆ ಅವರು ನಿಲ್ಲಿಸುವ ಆ ಒಂದು ಕ್ಷಣ, ಹುಬ್ಬು ಏರಿಸಿ ಸಭೆಯ ಕಡೆ ನೋಡುವ ರೀತಿ, ಹಾರ್ಮೋನಿಯಂ ಮೇಲೆ ಬೆರಳಿಟ್ಟು ಮಾತು ಮರೆತವರಂತೆ ನಟಿಸುವುದು, ಇವನ್ನು ಯಾವ ಅಚ್ಚಿನ ಮೊಳೆಯೂ ಹಿಡಿಯಲಾರದು. ಕವಿಯ ಕವನ ಕಾಗದದಲ್ಲಿ ಉಳಿಯುತ್ತದೆ, ಗಾಯಕನ ಗಾನ ಧ್ವನಿಮುದ್ರಿಕೆಯಲ್ಲಿ ಉಳಿಯುತ್ತದೆ. ಹಾಸ್ಯಗಾರ ಪೂರ್ತಿ ಉಳಿಯಬೇಕಾದರೆ ಮುಖವೂ ಬೇಕು, ದನಿಯೂ ಬೇಕು, ಎದುರಿಗೆ ಕೂತವರ ನಗುವೂ ಬೇಕು. ಅದಕ್ಕೇ ಚಿತ್ರತುಣುಕು ಸಿಕ್ಕಿತೆಂದರೆ ಇಷ್ಟು ಸಡಗರ.

ಹಾಗಾದರೆ ಇವು ಕಳೆಯುವುದಾದರೂ ಹೇಗೆ? ಭಾರತದಲ್ಲಿ ಟೆಲಿವಿಷನ್ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ, ಆಕಾಶವಾಣಿಯ ಒಂದು ಪ್ರಯೋಗವಾಗಿ. ಆ ಮೊದಲ ದಿನಗಳಲ್ಲಿ ದುಡಿದವರಲ್ಲಿ ಪುಲ ಒಬ್ಬರು. ತರಬೇತಿಗೆಂದು ಬಿಬಿಸಿಗೂ ಹೋಗಿ ಬಂದಿದ್ದರು. ಭಾರತೀಯ ಟೆಲಿವಿಷನ್ನಿಗಾಗಿ ಪ್ರಧಾನಿ ನೆಹರೂ ಅವರನ್ನು ಮೊದಲು ಸಂದರ್ಶಿಸಿದವರೂ ಅವರೇ. ಆಗ ಹೆಚ್ಚಿನ ಕಾರ್ಯಕ್ರಮಗಳು ನೇರ ಪ್ರಸಾರ. ಕ್ಯಾಮೆರಾದ ಮುಂದೆ ಆಡಿದ್ದು ಅದೇ ಕ್ಷಣ ನೋಡುಗರನ್ನು ತಲುಪಿತು, ಅಲ್ಲಿಗೆ ಮುಗಿಯಿತು. ಮುಂದೆ ಟೇಪು ಬಂದಿತು. ಅದು ದುಬಾರಿ, ಮತ್ತೆ ಮತ್ತೆ ಬಳಸಬಹುದಾದ ವಸ್ತು. ನಿನ್ನೆಯ ಹಾಸ್ಯದ ಮೇಲೆ ಇಂದಿನ ಕೃಷಿ ಕಾರ್ಯಕ್ರಮ ಮುದ್ರಿಸಿದರೆ ಕಚೇರಿಗೆ ಹಣ ಉಳಿತಾಯ. ದೂರುವುದೂ ಕಷ್ಟ. ಸ್ಲೇಟು ಒರೆಸಿ ಬರೆಯುವುದನ್ನು ಯಾರೂ ತಪ್ಪೆನ್ನುವುದಿಲ್ಲ.

ಇದು ನಮ್ಮ ದೇಶದ ಕತೆ ಮಾತ್ರವಲ್ಲ. ಬಿಬಿಸಿಯಂಥ ಬಿಬಿಸಿಯೇ 1960-70ರ ದಶಕಗಳ ತನ್ನ ನೂರಾರು ಕಾರ್ಯಕ್ರಮಗಳನ್ನು ಅಳಿಸಿಹಾಕಿತು. 'ಡ್ಯಾಡ್ಸ್ ಆರ್ಮಿ' ಎಂಬ ಜನಪ್ರಿಯ ಹಾಸ್ಯ ಧಾರಾವಾಹಿಯ ಎರಡನೆಯ ಸರಣಿಯ ಆರು ಕಂತುಗಳಲ್ಲಿ ಐದು ಕಾಣೆಯಾಗಿದ್ದವು. 2001ರಲ್ಲಿ ಎರಡು ಸಿಕ್ಕವು. ಎಲ್ಲಿ? ಸ್ಟುಡಿಯೋದ ಕಸದ ತೊಟ್ಟಿಯಿಂದ ಯಾರೋ ಎತ್ತಿಟ್ಟುಕೊಂಡು, ಮನೆಯ ತೋಟದ ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿಟ್ಟಿದ್ದ ತುಕ್ಕು ಹಿಡಿದ ಡಬ್ಬಿಗಳಲ್ಲಿ! ಉಳಿದ ಮೂರು ಇಂದಿಗೂ ಇಲ್ಲ. ಎರಿಕ್ ಮೊರೆಕಾಂಬ್ ಮತ್ತು ಅರ್ನಿ ವೈಸ್ ಎಂಬ ಹಾಸ್ಯ ಜೋಡಿಯ 1970ರ ಒಂದು ಕಾರ್ಯಕ್ರಮ ಮೊರೆಕಾಂಬ್ ಅವರ ಮಗನಿಗೆ ಮನೆಯ ಅಟ್ಟದಲ್ಲಿ ಸಿಕ್ಕಿ, 2021ರ ಕ್ರಿಸ್ಮಸ್ ವೇಳೆಗೆ ಮತ್ತೆ ಪ್ರಸಾರವಾಯಿತು. ಶೆಡ್ಡು, ಅಟ್ಟ, ಟ್ರಂಕು. ಸರಕಾರಿ ಕಪಾಟಿನಲ್ಲಿ ಇಲ್ಲದ್ದು ಮನೆಯ ಮೂಲೆಯಲ್ಲಿ ಇರುತ್ತದೆ.

ಪುಣೆಯ ಚಲನಚಿತ್ರ ಸಂಗ್ರಹಾಲಯ ಬೆಳೆದದ್ದೂ ಹೀಗೆ ಮೂಲೆ ಮೂಲೆ ಹುಡುಕಿಯೇ. ಏರಂಡವಣೆಯಲ್ಲಿರುವ ಪುಣೆ ಕನ್ನಡ ಸಂಘದ ಡಾ. ಕಲ್ಮಾಡಿ ಶ್ಯಾಮರಾವ್ ಕನ್ನಡ ಶಾಲೆಗೆ ಹೋಗಿಬರುವ ನಮ್ಮವರಿಗೆ ಲಾ ಕಾಲೇಜು ರಸ್ತೆಯ ಆ ಆವರಣ ಹೊಸದಲ್ಲ, ಒಳಗೆ ಕಾಲಿಟ್ಟವರು ಮಾತ್ರ ಕಡಿಮೆ. 1964ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯನ್ನು ಕಟ್ಟಿದವರು ಪಿ. ಕೆ. ನಾಯರ್. 1991ರಲ್ಲಿ ನಿವೃತ್ತರಾಗುವವರೆಗೆ ಊರೂರು ಅಲೆದು, ಗುಜರಿಯವರ ಹತ್ತಿರ, ಹಳೆಯ ನಿರ್ಮಾಪಕರ ಗೋದಾಮುಗಳಲ್ಲಿ, ಫಾಲ್ಕೆಯವರ ಕುಟುಂಬದವರ ಬಳಿ ಕೈಯೊಡ್ಡಿ ರೀಲು ಕೂಡಿಹಾಕಿದರು. ಹಳೆಯ ಫಿಲ್ಮನ್ನು ಕರಗಿಸಿ ಬೆಳ್ಳಿ ತೆಗೆಯುತ್ತಿದ್ದ, ತೊಳೆದು ಬಳೆ ಮಾಡುತ್ತಿದ್ದ ಕಾಲ ಅದು. 2016ರಲ್ಲಿ ಅವರು ತೀರಿಕೊಂಡರು. ಸಂಗ್ರಹಾಲಯ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಂದಿಗೆ ವಿಲೀನವಾಯಿತು. ಆದರೆ ಅಲ್ಲಿ ಹಳೆಯ ಚಿತ್ರಗಳನ್ನು ಶುಚಿಗೊಳಿಸಿ ಡಿಜಿಟಲ್ ಮಾಡುವ ಕೆಲಸ ನಡೆದಿದೆ.

ಇಷ್ಟಿದ್ದರೂ ನಾಯರ್ ಅವರ ಕೈಗೂ ಸಿಗದೇ ಹೋದದ್ದು ನಮ್ಮ 'ಸತಿ ಸುಲೋಚನ'. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ. ತಯಾರಾದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಅದರ ಒಂದು ಪ್ರತಿಯೂ ಉಳಿದಿಲ್ಲ. ಹೊರನಾಡ ಕನ್ನಡಿಗರಾದ ನಮಗೆ ಇದು ಸ್ವಲ್ಪ ಹೆಚ್ಚೇ ಚುಚ್ಚಬೇಕಾದ ವಿಷಯ.

ಸಿನಿಮಾಕ್ಕಾದರೂ ಒಂದು ಸಂಗ್ರಹಾಲಯವಿದೆ. ಟಿವಿ ಕಾರ್ಯಕ್ರಮಕ್ಕೆ ಅಂಥ ತವರುಮನೆ ಗಟ್ಟಿಯಾಗಿಲ್ಲ. ದೂರದರ್ಶನವೂ ತನ್ನ ಟೇಪುಗಳನ್ನು ಡಿಜಿಟಲ್ ಮಾಡುತ್ತಿದೆ, ಪ್ರಸಾರ ಭಾರತಿ ಹಲವನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ. 2020ರ ಲಾಕ್‌ಡೌನಿನಲ್ಲಿ ರಾಮಾಯಣ, ಮಹಾಭಾರತದ ಜೊತೆ 'ದೇಖ್ ಭಾಯಿ ದೇಖ್'ನಂಥ ಹಾಸ್ಯ ಧಾರಾವಾಹಿಗಳೂ ಮರಳಿ ಬಂದದ್ದು ಟೇಪು ಉಳಿದಿದ್ದರಿಂದಲೇ. ದೊಡ್ಡ ಧಾರಾವಾಹಿಗೆ ಹೇಗೋ ಒಂದು ಲೆಕ್ಕವಿರುತ್ತದೆ. ಜಸ್‌ಪಾಲ್ ಭಟ್ಟಿಯವರ 'ಉಲ್ಟಾ ಪುಲ್ಟಾ'ದಂಥ ಪುಟ್ಟ ತುಣುಕುಗಳು, ಯುಗಾದಿ-ದೀಪಾವಳಿಯ ವಿಶೇಷ ಕಾರ್ಯಕ್ರಮಗಳು, ಸಂದರ್ಶನದ ನಡುವಿನ ಚಟಾಕಿಗಳು, ಇವು ಯಾವ ಪಟ್ಟಿಗೂ ಸುಲಭವಾಗಿ ಸಿಗುವಂಥವಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಮಾಸ್ಟರ್ ಹಿರಣ್ಣಯ್ಯನವರನ್ನೇ ತೆಗೆದುಕೊಳ್ಳಿ. 1934ರಲ್ಲಿ ಹುಟ್ಟಿ 2019ರ ಮೇ 2ರಂದು ನಮ್ಮನ್ನು ಅಗಲಿದ ಅವರ 'ಲಂಚಾವತಾರ' ನೋಡದ ಹಿರಿಯ ಕನ್ನಡಿಗರು ವಿರಳ. ಆ ನಾಟಕ ಒಂದು ರಾತ್ರಿ ಇದ್ದಂತೆ ಇನ್ನೊಂದು ರಾತ್ರಿ ಇರುತ್ತಿರಲಿಲ್ಲ. ಬೆಳಗಿನ ಪೇಪರಿನಲ್ಲಿ ಬಂದ ಮಂತ್ರಿ ರಾತ್ರಿ ರಂಗದ ಮೇಲೆ ಹಾಜರು. ಎದುರಿನ ಸಾಲಿನಲ್ಲಿ ಕೂತ ಗಣ್ಯರಿಗೂ ಬಿಸಿ ತಪ್ಪುತ್ತಿರಲಿಲ್ಲ. ಹೀಗಾಗಿ ಅವರ ಒಂದು ಪ್ರದರ್ಶನದ ಚಿತ್ರೀಕರಣವಿದ್ದರೆ ಸಾಕು ಎನ್ನುವಂತಿಲ್ಲ, ಪ್ರತಿಯೊಂದೂ ಬೇರೆ. ಟಿವಿಯ ಹಾಸ್ಯದಲ್ಲಂತೂ 'ಸಿಹಿ ಕಹಿ' ಎಂಬ ಧಾರಾವಾಹಿ ನಟ ಚಂದ್ರು ಅವರ ಹೆಸರಿಗೇ ಅಂಟಿಕೊಂಡು ಅದೇ ಮನೆಹೆಸರಿನಂತಾಯಿತು. ಹೆಸರನ್ನು ಎಲ್ಲರೂ ಬಲ್ಲರು. ಕಂತುಗಳನ್ನು ಮರಳಿ ನೋಡಿದ ನಮ್ಮ ಮಕ್ಕಳು ಎಷ್ಟು ಮಂದಿ?

1980-90ರ ದಶಕದಲ್ಲಿ ಊರಿಗೆ ಹೋದವರು ಬರುವಾಗ ಹಪ್ಪಳ-ಸಂಡಿಗೆಯ ಜೊತೆ ವಿಡಿಯೋ ಕ್ಯಾಸೆಟ್ಟನ್ನೂ ತರುತ್ತಿದ್ದರು. ಅಣ್ಣನೋ ಭಾವನೋ ಬೆಂಗಳೂರು ದೂರದರ್ಶನದಿಂದ ಮುದ್ರಿಸಿ ಕೊಟ್ಟದ್ದು. ಸಂಘದ ರಾಜ್ಯೋತ್ಸವಕ್ಕೆ, ಗಣೇಶೋತ್ಸವಕ್ಕೆ ಹಾಸ್ಯ ಭಾಷಣಕಾರರನ್ನು ಕರೆಸಿದಾಗ ಮದುವೆ ವಿಡಿಯೋದವನನ್ನೇ ಕ್ಯಾಮೆರಾ ಹಿಡಿಯಲು ಹೇಳುವುದೂ ರೂಢಿಯಾಗಿತ್ತು. ಆ ಕ್ಯಾಸೆಟ್ಟುಗಳು ಅಂದಿನ ಕಾರ್ಯದರ್ಶಿಯ ಮನೆಗೆ ಹೋದವು. ಕಾರ್ಯದರ್ಶಿ ಬದಲಾದರೂ ಕ್ಯಾಸೆಟ್ಟು ಬದಲಾಗಲಿಲ್ಲ. ಈಗ ಮನೆ ಮಾರಿ ಫ್ಲ್ಯಾಟಿಗೆ ಹೋಗುವಾಗ ಗುಜರಿಗೆ ಬೀಳುವವು ಮೊದಲು ಇವೇ.

ಇಲ್ಲಿ ಶಿರೂರಿಗೆ ಒಂದು ಅನುಕೂಲವಿದೆ. ಮುಂಬಯಿಯಲ್ಲೂ ಕರಾವಳಿಯಲ್ಲೂ ಟೇಪಿನ ದೊಡ್ಡ ವೈರಿ ತೇವ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಾಣಿಸಿಕೊಳ್ಳುತ್ತದೆ. ಘೋಡ್ ನದಿ ದಂಡೆಯ ಈ ಊರು ಮಳೆ ಕಡಿಮೆಯ ಸೀಮೆ, ಗಾಳಿ ಒಣ. ಇಲ್ಲಿನ ಟ್ರಂಕಿನೊಳಗಿನ ಕ್ಯಾಸೆಟ್ಟು ಘಾಟ್ಕೋಪರಿನ ಕಪಾಟಿನಲ್ಲಿರುವ ಕ್ಯಾಸೆಟ್ಟಿಗಿಂತ ಗಟ್ಟಿಯಾಗಿ ಉಳಿದಿರುವ ಸಾಧ್ಯತೆ ಹೆಚ್ಚು. ಆದರೆ ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಕಾಯುವ ತಗಡಿನ ಛಾವಣಿಯ ಕೆಳಗಿಟ್ಟರೆ ಆ ಲಾಭವೆಲ್ಲ ವ್ಯರ್ಥ. ಅಟ್ಟದಿಂದ ಇಳಿಸಿ ಒಳಮನೆಯ ಗೋಡೆಬದಿಯಲ್ಲಿ, ಪುಸ್ತಕದಂತೆ ನಿಲ್ಲಿಸಿಡುವುದು ಲೇಸು.

ಸಿಕ್ಕಿದ ಕೂಡಲೇ ಹಾಕಿ ನೋಡುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು. ಬೂಷ್ಟು ಹಿಡಿದ ಟೇಪನ್ನು ಯಂತ್ರಕ್ಕೆ ತುರುಕಿದರೆ ಟೇಪೂ ಹರಿಯುತ್ತದೆ, ಯಂತ್ರದ ಹೆಡ್ಡೂ ಹಾಳಾಗುತ್ತದೆ, ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೇನೂ ಮುದ್ರಣವಾಗದು. ಮನೆಯಲ್ಲಿ 8 ಅಥವಾ 16 ಮಿಲಿಮೀಟರ್ ಫಿಲ್ಮಿನ ಡಬ್ಬಿಯಿದ್ದು, ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯತೊಡಗಿದೆ ಎಂದರ್ಥ. ಅದನ್ನು ಬೇರೆ ಡಬ್ಬಿಗಳಿಂದ ದೂರವಿಟ್ಟು ಬೇಗ ತಿಳಿದವರಿಗೆ ತೋರಿಸಬೇಕು. ಯಂತ್ರದ್ದೇ ಇನ್ನೊಂದು ಚಿಂತೆ. ಜಗತ್ತಿನಲ್ಲಿ ಕೊನೆಗೆ ಉಳಿದಿದ್ದ ಜಪಾನಿನ ಕಂಪನಿಯೂ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಸುಸ್ಥಿತಿಯ ಒಂದು ವಿಸಿಆರ್ ಯಾರ ಮನೆಯಲ್ಲಾದರೂ ಇದ್ದರೆ ಅದೀಗ ಸಂಘದ ಆಸ್ತಿಯಂತೆ.

ಒಂದು ಎಚ್ಚರಿಕೆ. ಟಿವಿಯಿಂದ ಮುದ್ರಿಸಿಕೊಂಡದ್ದರ ಹಕ್ಕು ನಮ್ಮದಾಗುವುದಿಲ್ಲ. ಅದನ್ನು ಮಾರುವುದಾಗಲಿ, ಕಂಡಲ್ಲಿ ಹರಿಯಬಿಡುವುದಾಗಲಿ ಸಲ್ಲದು. ಪ್ರತಿ ತೆಗೆದಿಟ್ಟು, ಪ್ರಸಾರ ಮಾಡಿದವರಿಗೂ ಕಲಾವಿದರ ಕುಟುಂಬಕ್ಕೂ ತಿಳಿಸುವುದೇ ನೇರ ದಾರಿ. ಸಂಘದ ವೇದಿಕೆಯಲ್ಲಿ ನಾವೇ ಚಿತ್ರೀಕರಿಸಿದ್ದರ ವಿಷಯ ಇಷ್ಟು ತೊಡಕಿನದಲ್ಲ, ಆದರೂ ಕಲಾವಿದರನ್ನು ಒಂದು ಮಾತು ಕೇಳುವುದು ಮರ್ಯಾದೆ.

ಡಿಜಿಟಲ್ ಮಾಡಿಸಲು ದುಡ್ಡು ಬೇಕು, ಅದಕ್ಕೆ ಒಬ್ಬ ದಾನಿ ಸಿಗಬಹುದು. ಹೆಸರು ಬರೆಯುವುದಕ್ಕೆ ದುಡ್ಡು ಬೇಡ. ಯಾವ ವರ್ಷದ ಕಾರ್ಯಕ್ರಮ, ಯಾವ ಸಭಾಂಗಣ, ಮೈಕು ಹಿಡಿದವರು ಯಾರು, ಹಿಂದೆ ತಬಲಾ ನುಡಿಸುತ್ತಿರುವವರು ಯಾರು ಎಂಬುದನ್ನು ಕ್ಯಾಸೆಟ್ಟಿನ ಮೇಲೆ ಒಂದು ಚೀಟಿಯಲ್ಲಿ ಬರೆದು ಅಂಟಿಸಬೇಕು. ಆ ಮುಖಗಳನ್ನು ಗುರುತಿಸಬಲ್ಲ ನಮ್ಮ ಹಿರಿಯರಿಗೆ ಈಗ ಎಪ್ಪತ್ತು-ಎಂಬತ್ತು ವರ್ಷ. ಟ್ರಂಕು ಇಳಿಸುವ ದಿನ ಅವರನ್ನೂ ಕರೆದು ಕೂರಿಸಿಕೊಳ್ಳಿ.