ಬಿಳಿಯ ಮೇಲೆ ಬಿಳಿ ಗಾಯ

ಶಿಲ್ಪಿ ಸೋಮನಾಥ ಹೋರ್ ಅವರ ‘ವೂಂಡ್ಸ್’, ಅಂದರೆ ‘ಗಾಯಗಳು’ ಸರಣಿಯ ಕೃತಿಯೊಂದರ ಮೇಲೆ ನೇರವಾಗಿ ಬೆಳಕು ಬಿದ್ದರೆ ಕಾಣುವುದು ದಪ್ಪನೆಯ ಬಿಳಿ ಹಾಳೆ ಮಾತ್ರ. ಅದರ ಮೇಲೆ ಶಾಯಿಯಿಲ್ಲ, ಪೆನ್ಸಿಲಿನ ಗೆರೆಯೂ ಇಲ್ಲ. ಬೆಳಕು ಪಕ್ಕದಿಂದ ಸವರಿಕೊಂಡು ಬಂದಾಗ ಹಾಳೆಯ ನಡುವೆ ಒಂದು ಸೀಳು ತೆರೆದುಕೊಳ್ಳುತ್ತದೆ. ಅದರ ಎರಡೂ ಅಂಚುಗಳು ಬಾತ ಚರ್ಮದಂತೆ ಉಬ್ಬಿ ನಿಂತಿರುತ್ತವೆ.

1921ರಲ್ಲಿ ಚಿತ್ತಗಾಂಗ್ ಜಿಲ್ಲೆಯಲ್ಲಿ ಹುಟ್ಟಿದ ಹೋರ್, 1943ರ ಬಂಗಾಳದ ಬರಗಾಲದಲ್ಲಿ ಹಸಿದು ಬಿದ್ದವರ ಚಿತ್ರಗಳನ್ನು ಬರೆದರು. ಎಲುಬು, ಬತ್ತಿದ ಹೊಟ್ಟೆ, ಚಾಚಿದ ಕೈ ಇವೇ ಅವರ ಗೆರೆಗಳ ಮೊದಲ ಪಾಠವಾದವು. ಮುಂದೆ ಶಾಂತಿನಿಕೇತನದ ಕಲಾಭವನದಲ್ಲಿ ಮುದ್ರಣಕಲೆ ಕಲಿಸಿದರು. ಲೋಹದ ತಗಡನ್ನು ಆಮ್ಲದಿಂದ ಕೊರೆದು, ಕೊರೆದ ಜಾಗಕ್ಕೆ ಶಾಯಿ ತುಂಬಿ ಕಾಗದಕ್ಕೆ ಇಳಿಸುವುದು ಆ ಕಲೆಯ ಒಂದು ವಿಧಾನ. 1970ರ ದಶಕದಲ್ಲಿ ಆರಂಭವಾದ ‘ಗಾಯಗಳು’ ಸರಣಿಯಲ್ಲಿ ಅವರು ಶಾಯಿಯನ್ನು ಬಹುಪಾಲು ಬಿಟ್ಟೇಬಿಟ್ಟರು. ಕೆಲವು ಹಾಳೆಗಳಲ್ಲಿ ಮಾತ್ರ ಕೆಂಪಿನ ಸಣ್ಣ ಛಾಯೆಯಿದೆ.

ಅವರು ಹಿಡಿದ ದಾರಿ ಶಿಲ್ಪಿಯದು. ಜೇಡಿಮಣ್ಣಿನ ಹಲಗೆಯನ್ನು ಚಾಕುವಿನಿಂದ ಸೀಳಿ, ಕಾದ ಸರಳಿನಿಂದ ಚುಚ್ಚಿ, ಅದರ ಮೇಲೆ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿಗೆ ಒದ್ದೆ ಕಾಗದದ ತಿರುಳನ್ನು ಒತ್ತುತ್ತಿದ್ದರು. ಮಣ್ಣಿನಲ್ಲಿ ಹಳ್ಳವಾಗಿದ್ದದ್ದು ಸಿಮೆಂಟಿನಲ್ಲಿ ದಿಬ್ಬವಾಗಿ, ಕಾಗದದಲ್ಲಿ ಮತ್ತೆ ಹಳ್ಳವಾಗುತ್ತದೆ. ಚಾಕು ಕಾಗದವನ್ನು ಮುಟ್ಟುವುದೇ ಇಲ್ಲ. ಆದರೂ ಅದು ಹೋದ ದಾರಿ, ಎಳೆದ ಕಡೆಗೆ ಸರಿದ ಮಣ್ಣಿನ ಒರಟು ಅಂಚು, ಎಲ್ಲವೂ ಕಾಗದದಲ್ಲಿ ಉಳಿದಿರುತ್ತದೆ. ಇಂಥವನ್ನು ‘ಕಾಗದದ ಮೇಲಿನ ಕೃತಿ’ಗಳ ಸಾಲಿಗೆ ಸೇರಿಸುವುದು ವಾಡಿಕೆ. ಕಾಗದದ ಕೃತಿ ಎಂದರೇ ಹೆಚ್ಚು ಸರಿ, ಏಕೆಂದರೆ ಇಲ್ಲಿ ಕಾಗದದ ಮೇಲೆ ಬಹುಪಾಲು ಬೇರೇನೂ ಇಲ್ಲ.

ಸಿದ್ಧ ಹಾಳೆಯನ್ನೇ ಅಚ್ಚಿಗೆ ಒತ್ತಿದ್ದರೆ ಇಷ್ಟು ಆಳ ದೊರೆಯುವುದು ಕಷ್ಟ. ಅದರ ನಾರುಗಳು ಆಗಲೇ ಒಂದನ್ನೊಂದು ಹಿಡಿದುಕೊಂಡಿರುವುದರಿಂದ, ಹೆಚ್ಚು ಎಳೆದರೆ ಹಾಳೆ ಹರಿಯುತ್ತದೆ. ತಿರುಳಿನಲ್ಲಾದರೋ ಸೆಲ್ಯುಲೋಸ್ ನಾರುಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದು, ಅಚ್ಚಿನ ಸಂದುಗೊಂದುಗಳಿಗೆ ಸಲೀಸಾಗಿ ಇಳಿಯುತ್ತವೆ. ನೀರು ಆರುತ್ತಾ ಬಂದಂತೆ, ನಾರುಗಳ ನಡುವೆ ಉಳಿದ ತೆಳುವಾದ ನೀರಿನ ಪದರ ತನ್ನ ಮೇಲ್ಮೈ ಎಳೆತದಿಂದ ಅವುಗಳನ್ನು ಹತ್ತಿರಕ್ಕೆ ಸೆಳೆಯುತ್ತದೆ. ಸಾಕಷ್ಟು ಹತ್ತಿರವಾದಾಗ ಅವುಗಳ ನಡುವೆ ಹೈಡ್ರೋಜನ್ ಬಂಧಗಳು ಏರ್ಪಡುತ್ತವೆ. ಬಿಡಿಯಾಗಿ ದುರ್ಬಲವಾದ ಈ ಬಂಧಗಳು ಅಸಂಖ್ಯವಾಗಿ ಸೇರಿದಾಗ, ಅಂಟಿನ ಹಂಗಿಲ್ಲದೆಯೂ ಹಾಳೆ ಗಟ್ಟಿಯಾಗುತ್ತದೆ. ಹೀಗೆ ಗಾಯದ ಆಕಾರದಲ್ಲೇ ಕಾಗದ ಹುಟ್ಟುತ್ತದೆ.

ಬಿಳುಪಿನ ಕಥೆಯೂ ನಾರುಗಳದ್ದೇ. ಶುದ್ಧ ಸೆಲ್ಯುಲೋಸಿಗೆ ಸ್ವಂತ ಬಣ್ಣವಿಲ್ಲ. ಒಂದೊಂದೇ ನಾರು ಬಹುಮಟ್ಟಿಗೆ ಪಾರದರ್ಶಕ. ನಾರು ಮತ್ತು ಗಾಳಿ ಸಂಧಿಸುವ ಪ್ರತಿಯೊಂದು ಗಡಿಯಲ್ಲೂ ಬೆಳಕು ಬಾಗಿ, ಪ್ರತಿಫಲಿಸಿ, ಎಲ್ಲ ದಿಕ್ಕಿಗೂ ಚದುರುವುದರಿಂದ ಹಾಳೆ ಬಿಳಿಯಾಗಿ ಕಾಣುತ್ತದೆ. ಬೋಂಡಾ ಕಟ್ಟಿಕೊಟ್ಟ ಕಾಗದ ಎಣ್ಣೆ ತಾಗಿದಲ್ಲಿ ಅರೆಪಾರದರ್ಶಕವಾಗುವುದಕ್ಕೆ ಕಾರಣವೂ ಇದೇ: ಗಾಳಿಯಿದ್ದ ಜಾಗಕ್ಕೆ ಎಣ್ಣೆ ಸೇರಿದಾಗ ಚದುರುವಿಕೆ ಕುಗ್ಗುತ್ತದೆ. ಹೋರ್ ಅವರ ಹಾಳೆಗಳಲ್ಲಿ ಕಣ್ಣಿಗೆ ಬೀಳುವ ಗೆರೆ, ಬೆಳಕು ಕಡಿಮೆ ತಲುಪಿದ ಜಾಗವಷ್ಟೆ. ಅವರು ನೆರಳನ್ನು ಬರೆಯಲಿಲ್ಲ, ನೆರಳು ಬಂದು ನಿಲ್ಲುವಷ್ಟು ಜಾಗವನ್ನು ಕೊರೆದರು.

ಅದೇ ದಶಕದಲ್ಲಿ ಅವರು ಕಂಚಿಗೂ ಕೈಹಾಕಿದರು. ತೆಳುವಾದ ಮೇಣದ ಹಾಳೆಗಳನ್ನು ಸೀಳಿ, ಮಡಿಸಿ, ಸುರುಳಿ ಸುತ್ತಿ ಕೃಶವಾದ ದೇಹಗಳನ್ನು ಮಾಡಿ ಎರಕ ಹೊಯ್ಯಿಸಿದರು. ಆ ಕಂಚಿನ ಬೆನ್ನುಗಳ ಮೇಲೂ ಇವೇ ಸೀಳುಗಳಿವೆ, ಅಂಚು ಉಬ್ಬಿಕೊಂಡು.

ಮುದ್ರಿತ ಪುಸ್ತಕದಲ್ಲಿ ಈ ಬಿಳಿ ಹಾಳೆಗಳು ಒಂದೇ ಕೋನದ ಒಂದೇ ನೆರಳಿಗೆ ಕಟ್ಟುಬೀಳುತ್ತವೆ. ಗೋಡೆಯ ಮೇಲೆ, ಕಿಟಕಿಯ ಎದುರಿನಲ್ಲಿ, ಬೆಳಗ್ಗೆ ಒಂದು ಅಂಚು, ಸಂಜೆ ಇನ್ನೊಂದು ಅಂಚು ಕಪ್ಪಾಗುತ್ತದೆ; ನಡುಹಗಲಲ್ಲಿ ಗಾಯ ಹೆಚ್ಚುಕಡಿಮೆ ಮಾಯವಾಗುತ್ತದೆ.